ಹತ್ತು ಹೇಂಟೆಗಳ ನಡುವೆ ಏಳು ಹುಂಜಗಳು: ಯಾವುದನ್ನು ಇಟ್ಟುಕೊಳ್ಳಬೇಕು, ಉಳಿದವನ್ನು ಏನು ಮಾಡಬೇಕು?

ನಿಮ್ಮ ಪ್ರಶ್ನೆಯನ್ನು ನಾನು ಹೀಗೆ ಅರ್ಥ ಮಾಡಿಕೊಂಡಿದ್ದೇನೆ: ಒಂದು ಹಳೆಯ ಹುಂಜ ಮತ್ತು ಆರು ಹೇಂಟೆಗಳಿದ್ದ ನಿಮ್ಮ ಹಿಂಡಿನಲ್ಲಿ ಕಾವಿಗೆ ಕೂತ ಕೋಳಿ ಹತ್ತು ಮರಿಗಳನ್ನು ಎಬ್ಬಿಸಿತು, ಅವುಗಳಲ್ಲಿ ನಾಲ್ಕು ಹೇಂಟೆ, ಆರು ಹುಂಜ. ಮರಿಗಳಿಗೆ ಈಗ ಐದು ತಿಂಗಳು ತುಂಬಿದ್ದು, ಎಳೆಯ ಹುಂಜಗಳು ದಿನವಿಡೀ ಕಾದಾಡುತ್ತಿವೆ, ಎರಡು ಹೇಂಟೆಗಳ ಬೆನ್ನು ಬೋಳಾಗಿದೆ, ನಸುಕಿನ ಕೂಗಿನ ಬಗ್ಗೆ ನೆರೆಮನೆಯವರು ದೂರುತ್ತಿದ್ದಾರೆ. ಕೊಯ್ಯಲು ನಿಮಗೆ ಮನಸ್ಸು ಬರುತ್ತಿಲ್ಲ, ಎಲ್ಲವನ್ನೂ ಸಾಕಲು ಜಾಗವೂ ಇಲ್ಲ. ಹಲವು ವರ್ಷಗಳಿಂದ ಇಂಥದೇ ಚಿಕ್ಕ ಹಿಂಡನ್ನು ಸಾಕಿಕೊಂಡು ಬಂದಿರುವ ನನಗೆ ಪ್ರತಿ ಬಾರಿ ಮರಿ ಮಾಡಿಸಿದಾಗಲೂ ಈ ಪ್ರಶ್ನೆ ಎದುರಾಗುತ್ತದೆ. ಆದ್ದರಿಂದ ಸ್ವಲ್ಪ ವಿವರವಾಗಿಯೇ ಉತ್ತರಿಸುತ್ತೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದಾದರೆ, ನಿಮ್ಮ ಮುಂದಿರುವ ದಾರಿಗಳಲ್ಲಿ ಯಾವುದನ್ನೇ ಆರಿಸಿಕೊಂಡರೂ ಅದನ್ನು ಸರಿಯಾಗಿ ನಡೆಸಲು ಸಾಧ್ಯವಿದೆ. ಸರಿಯಲ್ಲದ್ದು ಒಂದೇ, ತೀರ್ಮಾನವನ್ನು ಮುಂದೂಡುತ್ತ ಹೋಗುವುದು, ಏಕೆಂದರೆ ಆ ಅವಧಿಯ ಕಷ್ಟವೆಲ್ಲ ಹೇಂಟೆಗಳ ಪಾಲಿಗೆ ಬರುತ್ತದೆ.

ಹಾಗಾಗಿ ತೀರ್ಮಾನಕ್ಕೂ ಮೊದಲು ಒಂದು ಕೆಲಸ ಇಂದೇ ಆಗಬೇಕು. ಆರು ಎಳೆಯ ಹುಂಜಗಳನ್ನೂ ಹೇಂಟೆಗಳಿಂದ ಬೇರ್ಪಡಿಸಿ. ಬೇರೆ ಗೂಡಿಲ್ಲದಿದ್ದರೆ ಇರುವ ಅಂಗಳವನ್ನೇ ಜಾಲರಿಯಿಂದ ಎರಡು ಭಾಗ ಮಾಡಿ, ಜಾಲರಿಗೆ ಗೋಣಿಚೀಲವನ್ನೋ ಹಲಗೆಯನ್ನೋ ಕಟ್ಟಿ ಈ ಕಡೆಯವು ಆ ಕಡೆಯವಕ್ಕೆ ಕಾಣದಂತೆ ಮರೆ ಮಾಡಿದರೆ ಸದ್ಯಕ್ಕೆ ಸಾಕಾಗುತ್ತದೆ. ಹಳೆಯ ಹುಂಜವೊಂದೇ ಹೇಂಟೆಗಳ ಜೊತೆ ಇರಲಿ. ಅಂದು ರಾತ್ರಿ, ಕೋಳಿಗಳು ಗಳದ ಮೇಲೆ ಕೂತು ಶಾಂತವಾದ ನಂತರ, ಟಾರ್ಚಿನ ಮಂದ ಬೆಳಕಿನಲ್ಲಿ ಹೇಂಟೆಗಳನ್ನು ಒಂದೊಂದಾಗಿ ಎತ್ತಿಕೊಂಡು ಪರೀಕ್ಷಿಸಿ. ಬೆನ್ನು ಬೋಳಾಗಿರುವುದು ದೂರದಿಂದಲೇ ಕಾಣುತ್ತದೆ. ಕಾಣದಿರುವುದು ರೆಕ್ಕೆಯ ಕೆಳಗಿನ ಗಾಯ. ಮೇಲೇರುವಾಗ ಹುಂಜದ ಕಾಲುಗಳು ಜಾರಿ, ಉಗುರು ಮತ್ತು ಮುಳ್ಳು ಪಕ್ಕೆಯ ತೆಳುವಾದ ಚರ್ಮವನ್ನು ಸೀಳಿಬಿಡುತ್ತವೆ, ಮೇಲಿನ ಗರಿಗಳು ಅದನ್ನು ಪೂರ್ತಿಯಾಗಿ ಮುಚ್ಚಿಡುತ್ತವೆ. ರೆಕ್ಕೆಯನ್ನು ಬಿಡಿಸಿ ಅದರ ಬುಡದಿಂದ ತೊಡೆಯವರೆಗೆ ಬೆರಳಾಡಿಸಿದರೆ ಒಣಗಿದ ರಕ್ತದ ಗಟ್ಟಿ ಹೆಪ್ಪು ಅಥವಾ ಅಂಟಿಕೊಂಡ ಗರಿಗಳ ಮುದ್ದೆ ಕೈಗೆ ಸಿಗುತ್ತದೆ. ಹಾಗೇನಾದರೂ ಸಿಕ್ಕರೆ ಆ ಕೋಳಿಯನ್ನು ಬೇರೆಯಾಗಿ ಇಟ್ಟು, ಉಗುರುಬೆಚ್ಚಗಿನ ಉಪ್ಪುನೀರಿನಿಂದ ಗಾಯವನ್ನು ತೊಳೆದು, ನೊಣ ಕೂರದಂತೆ ನೋಡಿಕೊಳ್ಳಿ. ಗಾಯ ಆಳವಾಗಿದ್ದರೆ ಪಶುವೈದ್ಯರಿಗೆ ತೋರಿಸಿ. ಹಿಂಡಿನಲ್ಲೇ ಬಿಟ್ಟರೆ ಉಳಿದ ಕೋಳಿಗಳು ರಕ್ತದ ಕೆಂಪನ್ನು ಕಂಡು ಅಲ್ಲಿಯೇ ಕುಕ್ಕುತ್ತವೆ. ಬೆನ್ನಿನ ಗರಿಗಳ ಬಗ್ಗೆ ಹೇಳುವುದಾದರೆ, ಬುಡಸಮೇತ ಕಿತ್ತುಹೋದ ಗರಿ ಕೆಲವು ವಾರಗಳಲ್ಲಿ ಮತ್ತೆ ಬರುತ್ತದೆ, ಆದರೆ ನಡುವೆ ಮುರಿದು ಮೋಟಾಗಿ ಉಳಿದ ಗರಿ ಮುಂದಿನ ಬಾರಿ ಕೋಳಿ ಗರಿ ಉದುರಿಸುವವರೆಗೂ ಹಾಗೆಯೇ ಇರುತ್ತದೆ. ಆದ್ದರಿಂದ ಹುಂಜಗಳನ್ನು ಬೇರ್ಪಡಿಸಿದ ಮೇಲೂ ಬೆನ್ನು ಬೋಳಾಗಿಯೇ ಇದೆಯೆಂದು ಗಾಬರಿಯಾಗಬೇಡಿ.

ಇನ್ನು ಎಷ್ಟು ಹುಂಜಗಳು ಬೇಕು ಎಂಬ ಮಾತು. ನಿಮಗೆ ತಿನ್ನುವ ಮೊಟ್ಟೆ ಮಾತ್ರ ಸಾಕು, ಮರಿ ಮಾಡಿಸುವ ಉದ್ದೇಶವಿಲ್ಲ ಎಂದಾದರೆ ಒಂದು ಹುಂಜವೂ ಬೇಕಾಗಿಲ್ಲ. ಹುಂಜವಿರಲಿ ಇಲ್ಲದಿರಲಿ ಹೇಂಟೆ ಮೊಟ್ಟೆ ಇಡುತ್ತಲೇ ಇರುತ್ತದೆ. ಮರಿ ಮಾಡಿಸುವುದಾದರೆ ಎಂಟರಿಂದ ಹನ್ನೆರಡು ಹೇಂಟೆಗಳಿಗೆ ಒಂದು ಹುಂಜ ಎಂಬುದು ಸಾಕಣೆದಾರರಲ್ಲಿ ಬಹುಕಾಲದಿಂದ ರೂಢಿಯಲ್ಲಿರುವ ಲೆಕ್ಕ. ಹಗುರ ಮೈಯ ಚುರುಕಾದ ತಳಿಗಳಲ್ಲಿ ಇನ್ನೂ ಒಂದೆರಡು ಹೇಂಟೆಗಳು ಹೆಚ್ಚಿದ್ದರೂ ನಡೆಯುತ್ತದೆ, ಭಾರವಾದ ತಳಿಗಳಲ್ಲಿ ಕಡಿಮೆ ಇರಬೇಕಾಗುತ್ತದೆ. ನಿಮ್ಮ ಹತ್ತು ಹೇಂಟೆಗಳಿಗೆ ಜೊತೆಯಲ್ಲಿ ಓಡಾಡುವ ಹುಂಜ ಒಂದೇ ಇರಬೇಕು. ಎರಡು ಹುಂಜಗಳನ್ನು ಒಟ್ಟಿಗೆ ಬಿಟ್ಟರೆ ಅವೆರಡೂ ಇಷ್ಟಪಡುವ ಒಂದೆರಡು ಹೇಂಟೆಗಳೇ ಪದೇ ಪದೇ ತುಳಿತಕ್ಕೆ ಸಿಗುತ್ತವೆ. ಬೋಳಾದ ಬೆನ್ನು ಯಾವಾಗಲೂ ಹಿಂಡಿನ ಕೆಲವೇ ಕೋಳಿಗಳಲ್ಲಿ ಕಾಣಿಸಿಕೊಳ್ಳುವುದು ಇದೇ ಕಾರಣಕ್ಕೆ.

ಹಾಗಾದರೆ ಉಳಿಯಬೇಕಾದ ಆ ಒಂದು ಯಾವುದು? ಈ ಪ್ರಶ್ನೆಗೆ ನೀವು ಹೆಚ್ಚು ಸಮಯ ಕೊಡಬೇಕೆಂದು ನನ್ನ ಕೋರಿಕೆ, ಏಕೆಂದರೆ ಒಂದು ಹೇಂಟೆಯ ಗುಣ ಅದರ ಮರಿಗಳಿಗೆ ಮಾತ್ರ ಹೋದರೆ, ಹುಂಜದ ಗುಣ ಹಿಂಡಿನ ಮುಂದಿನ ಪೀಳಿಗೆಯ ಪ್ರತಿಯೊಂದು ಮರಿಗೂ ಅರ್ಧ ಪಾಲಾಗಿ ಇಳಿಯುತ್ತದೆ. ಬಹಳ ಮಂದಿ ಬಣ್ಣ ಮತ್ತು ಬಾಲದ ಅಂದವನ್ನು ನೋಡಿ ಆರಿಸುತ್ತಾರೆ. ನಾನು ಮೊದಲು ನೋಡುವುದು ಮನುಷ್ಯರ ಬಗ್ಗೆ ಅದರ ನಡವಳಿಕೆಯನ್ನು. ಕಾಲಿಗೆ ಅಡ್ಡಬಂದು ರೆಕ್ಕೆ ಬಡಿಯುವ, ಬೆನ್ನು ತಿರುಗಿಸಿದೊಡನೆ ಹಾರಿ ಒದೆಯುವ ಹುಂಜ ಎಷ್ಟೇ ಸುಂದರವಾಗಿದ್ದರೂ ಅದನ್ನು ತಳಿಗೆ ಇಟ್ಟುಕೊಳ್ಳಬಾರದು. ಮಕ್ಕಳಿರುವ ಮನೆಯಲ್ಲಿ ಹುಂಜದ ಒದೆತ ಮಗುವಿನ ಮುಖದ ಎತ್ತರಕ್ಕೇ ಬರುತ್ತದೆ ಎಂಬುದನ್ನು ಮರೆಯುವಂತಿಲ್ಲ. ಎರಡನೆಯದಾಗಿ, ಹೇಂಟೆಗಳ ಜೊತೆ ಅದು ಹೇಗಿದೆ ಎಂಬುದು. ಇದನ್ನು ನೋಡಲು ಒಂದು ಸುಲಭವಾದ ಉಪಾಯವಿದೆ. ಪ್ರತಿಯೊಂದು ಹುಂಜವನ್ನೂ ಸರದಿಯಂತೆ ಹೇಂಟೆಗಳ ನಡುವೆ ಸ್ವಲ್ಪ ಹೊತ್ತು ಬಿಟ್ಟು, ಒಂದು ಹಿಡಿ ಕಾಳನ್ನು ಅದರ ಮುಂದೆಯೇ ಚೆಲ್ಲಿ, ದೂರ ನಿಂತು ಗಮನಿಸಿ. ಒಳ್ಳೆಯ ಹುಂಜ ಕಾಳನ್ನು ಕಂಡೊಡನೆ ತಲೆಯನ್ನು ಮೇಲೆ ಕೆಳಗೆ ಆಡಿಸುತ್ತ, ಗಂಟಲಿನಲ್ಲೇ ಬೇಗ ಬೇಗ ಕುಟುಕುಟು ಸದ್ದು ಮಾಡುತ್ತ, ಒಂದು ಕಾಳನ್ನು ಕೊಕ್ಕಿನಲ್ಲಿ ಎತ್ತಿ ಬೀಳಿಸಿ ಮತ್ತೆ ಎತ್ತಿ ಹೇಂಟೆಗಳನ್ನು ಕರೆಯುತ್ತದೆ. ಅವು ಬಂದು ತಿನ್ನತೊಡಗಿದ ಮೇಲೆ ಪಕ್ಕಕ್ಕೆ ಸರಿದು ಆಕಾಶದ ಕಡೆ ಒಂದು ಕಣ್ಣಿಟ್ಟು ನಿಲ್ಲುತ್ತದೆ. ಇನ್ನೊಂದು ಬಗೆಯ ಹುಂಜ ತಾನೇ ಮುಕ್ಕಿಬಿಡುತ್ತದೆ, ಅಥವಾ ಕಾಳಿನ ನೆಪದಿಂದ ಹತ್ತಿರ ಬಂದ ಹೇಂಟೆಯ ತಲೆಯ ಗರಿಯನ್ನು ಕಚ್ಚಿ ಹಿಡಿಯುತ್ತದೆ. ಐದು ತಿಂಗಳ ಪ್ರಾಯದಲ್ಲಿ ಎಲ್ಲ ಹುಂಜಗಳೂ ಸ್ವಲ್ಪ ಒರಟಾಗಿಯೇ ಇರುತ್ತವೆ, ವರ್ಷ ತುಂಬುವ ಹೊತ್ತಿಗೆ ಹಲವು ಹುಂಜಗಳು ತಣ್ಣಗಾಗುತ್ತವೆ ಎಂಬುದು ನಿಜ. ಆದರೂ ಕರೆದು ಉಣಿಸುವ ಗುಣ ಈ ವಯಸ್ಸಿನಲ್ಲೇ ಕೆಲವದರಲ್ಲಿ ಮೊಳೆತಿರುತ್ತದೆ, ಅದನ್ನು ತೋರಿಸಿದ ಹುಂಜವನ್ನು ನಾನು ಪಟ್ಟಿಯ ಮೇಲಕ್ಕೆ ತರುತ್ತೇನೆ. ಮೈಕಟ್ಟು, ನೆಟ್ಟಗಿನ ಕಾಲುಬೆರಳುಗಳು, ತೆಳುವಲ್ಲದ ಎದೆ, ಬೇಗ ಬೆಳೆದು ತೂಕ ಹಿಡಿದಿರುವುದು, ಇವು ಆಮೇಲಿನ ಮಾತು.

ನಿಮ್ಮ ಹಿಂಡಿನಲ್ಲಿ ಇನ್ನೊಂದು ತೊಡಕಿದೆ. ಹಳೆಯ ಹುಂಜ ಈ ನಾಲ್ಕು ಎಳೆಯ ಹೇಂಟೆಗಳಿಗೆ ತಂದೆ; ಆರು ಎಳೆಯ ಹುಂಜಗಳು ಅವಕ್ಕೆ ಸಹೋದರರು. ತಂದೆ ಮಗಳ ಜೋಡಿಯಾಗಲಿ, ಒಂದೇ ತಂದೆ ತಾಯಿಯ ಅಣ್ಣ ತಂಗಿಯ ಜೋಡಿಯಾಗಲಿ, ಎರಡರಲ್ಲೂ ಹುಟ್ಟುವ ಮರಿಯ ಒಳಸಂಬಂಧದ ಪ್ರಮಾಣ, ಅಂದರೆ ತಂದೆ ತಾಯಿ ಇಬ್ಬರಿಂದಲೂ ಒಂದೇ ಪೂರ್ವಜನ ಗುಣಾಂಶ ಬರುವ ಸಾಧ್ಯತೆ, ಶೇಕಡಾ 25. ಒಂದು ಸಲಕ್ಕೆ ಇದರಿಂದ ದೊಡ್ಡ ಅನಾಹುತವಾಗದಿರಬಹುದು, ಆದರೆ ಪೀಳಿಗೆಯಿಂದ ಪೀಳಿಗೆಗೆ ಹೀಗೆಯೇ ಮುಂದುವರಿದರೆ ಮೊಟ್ಟೆಗಳಲ್ಲಿ ಮರಿಯಾಗುವವು ಕಡಿಮೆಯಾಗುತ್ತವೆ, ಮರಿಗಳು ಕೃಶವಾಗುತ್ತವೆ. ತಳಿವಿಜ್ಞಾನದಲ್ಲಿ ಇದಕ್ಕೊಂದು ಲೆಕ್ಕವಿದೆ: ಗಂಡುಗಳ ಸಂಖ್ಯೆಯನ್ನು ಹೆಣ್ಣುಗಳ ಸಂಖ್ಯೆಯಿಂದ ಗುಣಿಸಿ, ಅದನ್ನು ನಾಲ್ಕು ಪಟ್ಟು ಮಾಡಿ, ಬಂದುದನ್ನು ಗಂಡು ಹೆಣ್ಣುಗಳ ಒಟ್ಟು ಸಂಖ್ಯೆಯಿಂದ ಭಾಗಿಸಬೇಕು. ಒಂದು ಹುಂಜ, ಹತ್ತು ಹೇಂಟೆ ಇದ್ದರೆ ಉತ್ತರ ಸುಮಾರು 3.6, ಎರಡು ಹುಂಜಗಳನ್ನು ಬಳಸಿದರೆ 6.7. ಅಂದರೆ ನಿಮ್ಮ ಹನ್ನೊಂದು ಕೋಳಿಗಳ ಹಿಂಡು ವಂಶದ ವೈವಿಧ್ಯದ ದೃಷ್ಟಿಯಿಂದ ನಾಲ್ಕು ಕೋಳಿಗಳ ಹಿಂಡಿಗೂ ಸಮನಲ್ಲ, ಎರಡನೆಯ ಹುಂಜವೊಂದರಿಂದಲೇ ಅದು ಬಹುತೇಕ ಇಮ್ಮಡಿಯಾಗುತ್ತದೆ. ಈ ಕಾರಣದಿಂದ ನಾನು ನಿಮಗೆ ಹೇಳುವುದು: ಆರರಲ್ಲಿ ಉತ್ತಮವಾದ ಎರಡನ್ನು ಆರಿಸಿ, ಒಂದನ್ನು ಮೀಸಲಾಗಿ ಬೇರೆ ಇಟ್ಟುಕೊಳ್ಳಿ, ಇನ್ನೊಂದನ್ನು ಕೋಳಿ ಸಾಕುವ ಮತ್ತೊಬ್ಬರಿಗೆ ಕೊಟ್ಟು ಅವರ ಹಿಂಡಿನ ಒಂದು ಹುಂಜವನ್ನು ತಂದುಕೊಳ್ಳಲು ಪ್ರಯತ್ನಿಸಿ. ಹೊಸದಾಗಿ ಬಂದ ಹುಂಜವನ್ನು ಸುಮಾರು ಒಂದು ತಿಂಗಳು ಬೇರೆಯಾಗಿಯೇ ಇಟ್ಟು, ಕೆಮ್ಮು, ಸೀನು, ಭೇದಿ, ಹೇನು ಏನೂ ಇಲ್ಲವೆಂದು ಖಚಿತಪಡಿಸಿಕೊಂಡ ಮೇಲೆಯೇ ಹಿಂಡಿಗೆ ಬಿಡಬೇಕು.

ಹೀಗೆ ಮಾಡಿದ ಮೇಲೂ ನಾಲ್ಕು ಹುಂಜಗಳು ಉಳಿಯುತ್ತವೆ. ಅವುಗಳಿಗೆ ಮೂರು ದಾರಿಗಳಿವೆ.

ಹುಂಜಗಳದ್ದೇ ಪ್ರತ್ಯೇಕ ಗೂಡು ಮಾಡುವುದು ಒಂದು. ಒಟ್ಟಿಗೆ ಬೆಳೆದ ಹುಂಜಗಳು ಹೇಂಟೆಗಳು ಕಣ್ಣಿಗೆ ಬೀಳದಿದ್ದರೆ ಜನರು ಊಹಿಸುವುದಕ್ಕಿಂತ ಬಹಳ ಸಮಾಧಾನವಾಗಿ ಬಾಳುತ್ತವೆ. ಆರಂಭದ ದಿನಗಳಲ್ಲಿ ತಮ್ಮೊಳಗೆ ಮೇಲು ಕೆಳಗಿನ ಶ್ರೇಣಿಯನ್ನು ನಿರ್ಧರಿಸಿಕೊಳ್ಳಲು ಒಂದಿಷ್ಟು ಜಗಳವಾಡುತ್ತವೆ. ಕೋಳಿಗಳಲ್ಲಿ ಈ ಶ್ರೇಣಿಯನ್ನು ನಾರ್ವೆಯ ಪ್ರಾಣಿವಿಜ್ಞಾನಿ ಥೋರ್ಲೀಫ್ ಷೆಲ್ಡೆರುಪ್ ಎಬ್ಬೆ ಎಂಬವರು 1920ರ ದಶಕದ ಆರಂಭದಲ್ಲಿಯೇ ವಿವರಿಸಿದ್ದರು. ಶ್ರೇಣಿ ಒಮ್ಮೆ ನೆಲೆಗೊಂಡರೆ ಕೆಳಗಿನದು ದಾರಿ ಬಿಟ್ಟು ಸರಿಯುತ್ತದೆ, ಜಗಳ ಕಡಿಮೆಯಾಗುತ್ತದೆ. ಆದರೆ ಸರಿಯಲು ಜಾಗವಿರಬೇಕು. ಸಿಕ್ಕಿಬೀಳುವ ಮೂಲೆಗಳಿಲ್ಲದ ಅಂಗಳ, ಬೇರೆ ಬೇರೆ ಎತ್ತರದ ಗಳಗಳು, ಕನಿಷ್ಠ ಎರಡು ಕಡೆ ನೀರು ಮತ್ತು ಆಹಾರ, ಇವಿಲ್ಲದೆ ಈ ಏರ್ಪಾಟು ನಡೆಯುವುದಿಲ್ಲ. ಒಂದು ಹುಂಜವನ್ನು ಕೆಲವು ದಿನ ಹೇಂಟೆಗಳ ಬಳಿ ಬಿಟ್ಟು ಮತ್ತೆ ಇಲ್ಲಿಗೆ ತಂದರೆ ಎಲ್ಲವೂ ಹೊಸದಾಗಿ ಆರಂಭವಾಗುತ್ತದೆ. ಆದ್ದರಿಂದ ಮೀಸಲು ಹುಂಜವನ್ನು ಒಮ್ಮೆ ಹೊರತೆಗೆದರೆ ವಾಪಸು ಸೇರಿಸುವ ಯೋಚನೆ ಬೇಡ. ಆಹಾರದ ವಿಷಯದಲ್ಲೂ ಎಚ್ಚರ ಅಗತ್ಯ. ಮೊಟ್ಟೆ ಇಡುವ ಕೋಳಿಗಳಿಗೆಂದು ಮಾಡಿದ ಆಹಾರದಲ್ಲಿ ಕ್ಯಾಲ್ಸಿಯಂ ಶೇಕಡಾ ಮೂರೂವರೆಯಿಂದ ನಾಲ್ಕರಷ್ಟು ಇರುತ್ತದೆ, ಹುಂಜಕ್ಕೆ ಶೇಕಡಾ ಒಂದರಷ್ಟು ಸಾಕು. ಹೆಚ್ಚಿನ ಕ್ಯಾಲ್ಸಿಯಂ ದೀರ್ಘಕಾಲ ಹೊಟ್ಟೆಗೆ ಹೋದರೆ ಮೂತ್ರಪಿಂಡಗಳು ಕೆಡುತ್ತವೆ. ಬೆಳೆಯುವ ಕೋಳಿಗಳ ಆಹಾರವನ್ನೇ ಎಲ್ಲಕ್ಕೂ ಹಾಕಿ, ಹೇಂಟೆಗಳಿಗೆ ಕಪ್ಪೆಚಿಪ್ಪಿನ ಪುಡಿಯನ್ನು ಬೇರೆ ತಟ್ಟೆಯಲ್ಲಿ ಇಡುವುದು ಸುಲಭವಾದ ಪರಿಹಾರ. ಒಂದು ಹುಂಜ ದಿನಕ್ಕೆ ಸುಮಾರು 120 ಗ್ರಾಂ ತಿನ್ನುತ್ತದೆ ಎಂದು ಹಿಡಿದರೆ ಮೀಸಲು ಹುಂಜವೂ ಸೇರಿ ಐದು ಹುಂಜಗಳಿಗೆ ತಿಂಗಳಿಗೆ 18 ಕಿಲೋ ಬೇಕು, ಅವು ಐದಾರು ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು ಬದುಕುತ್ತವೆ. ಈ ಹೊರೆಯನ್ನು ಮನಸಾರೆ ಹೊರಬಲ್ಲವರಿಗೆ ಇದು ಒಳ್ಳೆಯ ದಾರಿ. ನಿಮಗೆ ಜಾಗವಿಲ್ಲವೆಂದು ನೀವೇ ಹೇಳಿರುವುದರಿಂದ ಇದನ್ನು ಒತ್ತಾಯಿಸಲಾರೆ.

ನೆರೆಯವರ ದೂರಿಗೆ ಈ ದಾರಿಯಲ್ಲಿ ಪರಿಹಾರವಿಲ್ಲ. ಜಪಾನಿನ ನಗೋಯಾ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಗುಂಪಿನಲ್ಲಿ ಮೇಲಿನ ಸ್ಥಾನದಲ್ಲಿರುವ ಹುಂಜ ಮೊದಲು ಕೂಗುತ್ತದೆ, ಉಳಿದವು ಸ್ಥಾನದ ಕ್ರಮದಲ್ಲಿಯೇ ಒಂದರ ಹಿಂದೆ ಒಂದು ಕೂಗುತ್ತವೆ. ಮೊದಲನೆಯದನ್ನು ತೆಗೆದರೆ ಎರಡನೆಯದು ಕೂಗನ್ನು ಆರಂಭಿಸುತ್ತದೆ. ಹೆಚ್ಚು ಕೂಗುವ ಒಂದನ್ನು ಕಳಿಸಿಬಿಟ್ಟರೆ ಶಾಂತಿ ನೆಲೆಸುತ್ತದೆ ಎಂಬ ನಿರೀಕ್ಷೆ ಇದರಿಂದಾಗಿಯೇ ಸುಳ್ಳಾಗುತ್ತದೆ. ರಾತ್ರಿ ಗೂಡಿಗೆ ಬೆಳಕು ಬಾರದಂತೆ, ಆದರೆ ಗಾಳಿ ಧಾರಾಳವಾಗಿ ಆಡುವಂತೆ ಮುಚ್ಚಿದರೆ ಸದ್ದು ಹೊರಗೆ ಹೋಗುವುದು ಸ್ವಲ್ಪ ಕಡಿಮೆಯಾಗಬಹುದು. ಕೂಗದಂತೆ ಕುತ್ತಿಗೆಗೆ ಬಿಗಿಯುವ ಪಟ್ಟಿಗಳನ್ನು ಮಾತ್ರ ದಯವಿಟ್ಟು ಬಳಸಬೇಡಿ: ಬೆಳೆಯುತ್ತಿರುವ ಹುಂಜದ ಕುತ್ತಿಗೆಗೆ ಅದು ದಿನದಿಂದ ದಿನಕ್ಕೆ ಬಿಗಿಯಾಗುತ್ತದೆ, ಉಸಿರುಗಟ್ಟುವ ಅಪಾಯವಿದೆ. ನಿಮ್ಮ ಪ್ರದೇಶದಲ್ಲಿ ಹುಂಜ ಸಾಕುವುದಕ್ಕೆ ನಿರ್ಬಂಧವಿದೆಯೇ ಎಂಬುದನ್ನು ಸ್ಥಳೀಯ ಆಡಳಿತದಲ್ಲಿ ಕೇಳಿ ತಿಳಿದುಕೊಳ್ಳುವುದೂ ಒಳ್ಳೆಯದು.

ಎರಡನೆಯ ದಾರಿ, ಬೇರೆಯವರಿಗೆ ಕೊಡುವುದು ಅಥವಾ ಮಾರುವುದು. ಹುಂಜವಿಲ್ಲದ ಹಿಂಡು ಇರುವವರು, ಹುಂಜಕ್ಕೆ ವಯಸ್ಸಾಗಿರುವವರು ಸಿಕ್ಕರೆ ಇದಕ್ಕಿಂತ ಸಂತೋಷದ ವಿಷಯವಿಲ್ಲ. ಆದರೆ ಎಲ್ಲ ಹಿಂಡುಗಳಲ್ಲೂ ಅರ್ಧ ಮರಿಗಳು ಹುಂಜಗಳೇ ಆಗಿರುವುದರಿಂದ ಅಂಥವರು ವಿರಳ. ಪುಕ್ಕಟೆಯಾಗಿ ಕೊಡುತ್ತೇನೆಂದು ಸಾರಿದರೆ ಬರುವವರಲ್ಲಿ ಹುಂಜಗಳ ಕಾಳಗಕ್ಕೆಂದು ಒಯ್ಯುವವರೂ ಇರುತ್ತಾರೆ. ಸಣ್ಣದಾದರೂ ಒಂದು ಬೆಲೆ ಇಡಿ, ಎಷ್ಟು ಹೇಂಟೆಗಳಿವೆ, ಎಲ್ಲಿ ಇಡುತ್ತೀರಿ ಎಂದು ವಿಚಾರಿಸಿ. ಒದೆಯುವ ಹುಂಜವನ್ನು ಆ ಗುಣ ಮುಚ್ಚಿಟ್ಟು ದಾಟಿಸುವುದು ಅನ್ಯಾಯ. ಕೊಂಡವರು ಅದನ್ನು ಕೊಯ್ದು ತಿನ್ನಬಹುದು ಎಂಬುದನ್ನೂ ನೀವು ಮೊದಲೇ ಒಪ್ಪಿಕೊಂಡಿರಬೇಕು, ಕೊಯ್ಯಬಾರದೆಂದು ಮಾತು ಪಡೆದರೂ ಅದನ್ನು ಕಾಯಲು ನೀವು ಅಲ್ಲಿರುವುದಿಲ್ಲ. ಕಾಡಿನಂಚಿನಲ್ಲೋ ರಸ್ತೆಬದಿಯಲ್ಲೋ ಬಿಟ್ಟುಬರುವುದು ದಾರಿಯೇ ಅಲ್ಲ; ಸಾಕಿದ ಹುಂಜ ಅಲ್ಲಿ ನಾಯಿ ನರಿಗಳ ಬಾಯಿಗೆ ಬೀಳುತ್ತದೆ, ಅಥವಾ ಹಸಿವು ಬಾಯಾರಿಕೆಗಳಿಂದ ನರಳುತ್ತದೆ.

ಮೂರನೆಯದು, ನಿಮ್ಮ ಮನಸ್ಸು ಒಪ್ಪದಿರುವುದು. ಕೊಯ್ಯಲೇಬೇಕೆಂದು ನಾನು ಹೇಳುವುದಿಲ್ಲ, ಕೋಳಿಮಾಂಸ ತಿನ್ನದ ಮನೆಯಾದರೆ ಈ ಮಾತೇ ಇಲ್ಲ. ಆದರೆ ನೀವು ಕೋಳಿಮಾಂಸ ತಿನ್ನುವವರಾದರೆ ಒಂದು ವಿಷಯವನ್ನು ನೇರವಾಗಿ ಹೇಳಬೇಕು: ಬಿಸಿಲು, ಮಣ್ಣು, ಹುಲ್ಲು ಕಂಡು ಬೆಳೆದ ಹುಂಜ ತಾನು ಬೆಳೆದ ಜಾಗದಲ್ಲಿಯೇ, ತನಗೆ ಪರಿಚಿತವಾದ ಕೈಗಳಲ್ಲಿ, ಪ್ರಯಾಣದ ಭಯವಿಲ್ಲದೆ ಸಾಯುವುದು ಕ್ರೌರ್ಯವಲ್ಲ. ಮಾಡುವುದಾದರೆ ಚೆನ್ನಾಗಿ ಮಾಡಬೇಕು, ಮೊದಲ ಸಲ ಅನುಭವಸ್ಥರು ಪಕ್ಕದಲ್ಲಿರಲೇಬೇಕು. ಹಿಂದಿನ ರಾತ್ರಿ ಕತ್ತಲಲ್ಲಿ ಹುಂಜವನ್ನು ಗಳದಿಂದ ಇಳಿಸಿ ಬೇರೆ ಪಂಜರದಲ್ಲಿಡಿ. ನೀರು ಇರಲಿ, ಆಹಾರ ಬೇಡ, ಎಂಟು ಹತ್ತು ಗಂಟೆಗಳಲ್ಲಿ ಕರುಳು ಖಾಲಿಯಾದರೆ ಮಾಂಸ ಶುದ್ಧವಾಗಿ ಸಿಗುತ್ತದೆ. ಬೆಳಗ್ಗೆ ಬಿಸಿಲೇರುವ ಮೊದಲು, ಉಳಿದ ಕೋಳಿಗಳಿಗೆ ಕಾಣದ ಕಡೆ, ತಲೆ ಮಾತ್ರ ಕೆಳಗಿನಿಂದ ಹೊರಬರುವಂತೆ ಶಂಕುವಿನ ಆಕಾರದ ತಗಡಿನಲ್ಲಿ ತಲೆಕೆಳಗಾಗಿ ಇಳಿಸಿದರೆ ರೆಕ್ಕೆಗಳು ಮೈಗೆ ಒತ್ತಿಕೊಂಡು ಹುಂಜ ಶಾಂತವಾಗುತ್ತದೆ. ಅನುಭವಸ್ಥರ ಕೈಯಲ್ಲಿ ಕತ್ತಿನ ಎಲುಬು ಒಂದೇ ಎಳೆತಕ್ಕೆ ಕಳಚುತ್ತದೆ, ಆ ಬಳಿಕ ಹರಿತವಾದ ಚಾಕುವಿನಿಂದ ಕುತ್ತಿಗೆಯ ಎರಡೂ ಬದಿಯ ರಕ್ತನಾಳಗಳನ್ನು ಕೊಯ್ದು ರಕ್ತವನ್ನು ಹರಿಯಬಿಡುತ್ತಾರೆ. ಇದಾದ ಮೇಲೂ ಸ್ವಲ್ಪ ಹೊತ್ತು ರೆಕ್ಕೆ ಕಾಲುಗಳು ಬಲವಾಗಿ ಬಡಿಯುತ್ತವೆ. ಅದು ನರಗಳ ಪ್ರತಿಕ್ರಿಯೆ ಮಾತ್ರ. ಇದು ತಿಳಿಯದೆ ಅನೇಕರು ಆ ಕ್ಷಣದಲ್ಲಿ ಕೈ ಬಿಟ್ಟು ಹಿಂದೆ ಸರಿಯುತ್ತಾರೆ, ಆದ್ದರಿಂದ ಮೊದಲೇ ಹೇಳುತ್ತಿದ್ದೇನೆ. ಸಾವಿನ ನಂತರ ಮಾಂಸ ಸೆಟೆದುಕೊಳ್ಳುವುದರಿಂದ ಶುಚಿ ಮಾಡಿ ಒಂದೆರಡು ದಿನ ಫ್ರಿಜ್ಜಿನಲ್ಲಿಟ್ಟು ಅದು ಸಡಿಲವಾದ ಮೇಲೆ ಬೇಯಿಸಬೇಕು. ಐದಾರು ತಿಂಗಳ ಹುಂಜ ಇನ್ನೂ ಮೃದುವಾಗಿರುತ್ತದೆ. ವರ್ಷ ದಾಟಿದ ಹುಂಜದ ಮಾಂಸಕ್ಕೆ ನೀರು ಮತ್ತು ಸಣ್ಣ ಉರಿಯಲ್ಲಿ ದೀರ್ಘಕಾಲ ಬೇಕು. ಇತ್ತೀಚೆಗೆ ಔಷಧಿ ಕೊಟ್ಟಿದ್ದರೆ ಅದರ ಚೀಟಿಯಲ್ಲಿ ಸೂಚಿಸಿರುವ ಅವಧಿ ಮುಗಿಯುವವರೆಗೆ ತಿನ್ನಬಾರದು. ಕೈಯಾರೆ ಮಾಡಲು ಆಗದಿದ್ದರೆ ನಂಬಿಕಸ್ಥರಾದ ಒಬ್ಬರನ್ನು ಮನೆಗೇ ಕರೆಸಿ ಮಾಡಿಸುವುದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಬೀಜ ತೆಗೆಸಿ ಸಾಕುವ ಪದ್ಧತಿಯ ಬಗ್ಗೆ ಯಾರಾದರೂ ಹೇಳಿದರೆ ಒಪ್ಪಬೇಡಿ. ಕೋಳಿಯ ವೃಷಣಗಳು ಹೊಟ್ಟೆಯೊಳಗೆ ಮೂತ್ರಪಿಂಡದ ಬಳಿ ಇರುವುದರಿಂದ ಅದು ಪಕ್ಕೆಯನ್ನು ಸೀಳಿ ಮಾಡುವ ಶಸ್ತ್ರಚಿಕಿತ್ಸೆ, ಅರಿವಳಿಕೆಯಿಲ್ಲದೆ ಅದನ್ನು ಮಾಡುವುದು ಹಿಂಸೆ.

ಮುಂದಿನ ಬಾರಿ ಹೇಂಟೆಮರಿಗಳನ್ನಷ್ಟೇ ಕೊಂಡುತಂದರೆ ಈ ಕಷ್ಟವಿರುವುದಿಲ್ಲ ಎಂದು ನಿಮಗೆ ಅನ್ನಿಸಬಹುದು. ಆದರೆ ಆ ಮರಿಗಳನ್ನು ಮಾಡಿಸಿ ಮಾರುವ ಕಡೆ ಹುಂಜಗಳು ಹುಟ್ಟುವುದು ನಿಲ್ಲುವುದಿಲ್ಲ. ಮೊಟ್ಟೆಯ ತಳಿಗಳ ಗಂಡುಮರಿಗಳನ್ನು ಸಾಮಾನ್ಯವಾಗಿ ಮೊದಲ ದಿನವೇ ಕೊಲ್ಲುತ್ತಾರೆ, ಜರ್ಮನಿಯಲ್ಲಿ 2022ರ ಜನವರಿಯಿಂದ ಇದನ್ನು ಕಾನೂನಿನಿಂದ ನಿಷೇಧಿಸಲಾಗಿದೆ. ಮನೆಯಲ್ಲೇ ಮರಿ ಮಾಡಿಸುವುದಾದರೆ ಅರ್ಧ ಹುಂಜಗಳಾಗುತ್ತವೆ ಎಂದೇ ಲೆಕ್ಕ ಹಾಕಿ. ಚೂಪು ಮೊಟ್ಟೆಯಲ್ಲಿ ಹುಂಜ, ಗುಂಡು ಮೊಟ್ಟೆಯಲ್ಲಿ ಹೇಂಟೆ ಎಂಬ ಮಾತಿಗೆ ಆಧಾರವಿಲ್ಲ. ಹೊಸ ಹುಂಜವನ್ನು ಬಿಟ್ಟ ಕೂಡಲೇ ಕಾವಿಗೆ ಮೊಟ್ಟೆ ಕೂಡಿಡಬೇಡಿ. ಹಳೆಯ ಹುಂಜದ ವೀರ್ಯ ಹೇಂಟೆಯ ದೇಹದಲ್ಲಿ ಎರಡು ವಾರ, ಕೆಲವೊಮ್ಮೆ ಮೂರು ವಾರ ಉಳಿದು ಮೊಟ್ಟೆಗಳನ್ನು ಫಲವತ್ತಾಗಿಸುತ್ತಲೇ ಇರುತ್ತದೆ, ಆದ್ದರಿಂದ ನಾಲ್ಕು ವಾರ ಕಾದರೆ ಮರಿಗಳು ಯಾರವೆಂಬ ಸಂಶಯ ಉಳಿಯುವುದಿಲ್ಲ. ನಿಮ್ಮಲ್ಲಿ ಗರಿಗಳ ಮೇಲೆ ಕಪ್ಪು ಬಿಳಿ ಅಡ್ಡಪಟ್ಟೆಯಿರುವ ಹೇಂಟೆಗಳಿದ್ದರೆ, ಪಟ್ಟೆಯಿಲ್ಲದ ಕಪ್ಪು ಹುಂಜವನ್ನು ಆರಿಸಿ ತನ್ನಿ. ಆ ಜೋಡಿಯ ಮರಿಗಳಲ್ಲಿ ಗಂಡಿನ ತಲೆಯ ಮೇಲೆ ಮಾತ್ರ ಮಾಸಲು ಬಿಳಿಯ ಬೊಟ್ಟು ಇರುತ್ತದೆ. ಮರಿ ಒಣಗಿ ನೊರೆಯಂತಾದ ಮೊದಲ ದಿನವೇ ಅದು ಸ್ಪಷ್ಟವಾಗಿ ಕಾಣುವುದರಿಂದ, ಬೊಟ್ಟಿರುವವುಗಳ ಕಾಲಿಗೆ ಸಡಿಲವಾದ ಬಣ್ಣದ ಉಂಗುರ ಹಾಕಿ ಗುರುತಿಟ್ಟುಕೊಳ್ಳಿ, ಕಾಲು ದಪ್ಪವಾದಂತೆ ಉಂಗುರವನ್ನು ಬದಲಿಸುತ್ತ ಹೋಗಿ.